ಲಾರಿಯ ಕೀಲಿಗೆ ಬೆರಣಿ ಬೆಂಕಿ

ಅಮಾವಾಸ್ಯೆಯ ದಿನ ಬೆಳಿಗ್ಗೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಸರಿಯಾಗಿ ನಾನು, “ಇಷ್ಟೇ ತಾನೇ? ಹನ್ನೆರಡರೊಳಗೆ ಮುಗಿಸಿಬಿಡೋಣ” ಎಂದೆ. ಹೊತ್ತು ಇಷ್ಟು ಖಚಿತವಾಗಿ ನೆನಪಿರುವುದಕ್ಕೆ ಕಾರಣವಿದೆ. ಆ ಮಾತು ಆಡುವಾಗ ಕೋಟಿನ ಜೇಬಿನಿಂದ ಗಡಿಯಾರ ತೆಗೆದು, ಎಲ್ಲರಿಗೂ ಕಾಣುವಂತೆ ಹಿಡಿದು, ಮುಚ್ಚಳವನ್ನು ಟಕ್ಕೆಂದು ಮುಚ್ಚಿದ್ದೆ. ಅನಾಹುತ ಶುರುವಾದ ಗಳಿಗೆಯನ್ನು ಇಷ್ಟು ಶಾಸ್ತ್ರೋಕ್ತವಾಗಿ ಗುರುತು ಹಾಕಿಟ್ಟವರು ಕಡೂರು ತಾಲ್ಲೂಕಿನಲ್ಲಿ ಬೇರೆ ಯಾರೂ ಇರಲಾರರು!

ಆಗ ನಾನು ಕಡೂರಿನಲ್ಲಿ ಮೇಷ್ಟ್ರು. ಮೈಸೂರಿನ ಕಾಲೇಜಿನಲ್ಲಿ ವಿಜ್ಞಾನ ಓದಿ ಬಂದವನು. ನನ್ನ ಹೆಂಡತಿ ಗೌರಿಯ ತವರು ಚೌಳಹಿರಿಯೂರು. ಅಲ್ಲಿ ಅವಳ ತಮ್ಮ ತಿಮ್ಮಪ್ಪ ಒಂದು ಲಾರಿ ಇಟ್ಟಿದ್ದ. ರಾಗಿ, ಕೊಬ್ಬರಿ, ಕಡಲೆಕಾಯಿ, ಯಾವ ಮೂಟೆಯಾದರೂ ಅದು ಕಡೂರು, ತರೀಕೆರೆ, ಅಜ್ಜಂಪುರಗಳ ನಡುವೆ ಹೊತ್ತು ತಿರುಗುತ್ತಿತ್ತು. ಮನಸ್ಸು ಬಂದರೆ ಮಾತ್ರ. ಹಿಂದಿನ ತಿಂಗಳು ಅಜ್ಜಂಪುರದ ದಾರಿಯಲ್ಲಿ ಅದಕ್ಕೆ ಮನಸ್ಸು ಬರಲಿಲ್ಲ. ಎರಡು ಜೊತೆ ಎತ್ತು ಕಟ್ಟಿ ಊರಿಗೆ ಎಳೆಸಿಕೊಂಡು ಬರಬೇಕಾಯಿತು. ಎದುರಿಗೆ ಬಂದ ಗಾಡಿಯವನೊಬ್ಬ ಕೆಳಗಿಳಿದು, ಲಾರಿಯ ಮೂತಿಯ ಮುಂದೆ ಒಂದು ಹಿಡಿ ಹುಲ್ಲು ಹಿಡಿದನಂತೆ.

ಈ ಹುಲ್ಲಿನ ಸುದ್ದಿ ಅಮೃತಾಪುರಕ್ಕೆ ಮುಟ್ಟಿದ್ದೇ ಕಷ್ಟಕ್ಕೆ ಬಂತು. ಅಲ್ಲಿನ ನಂಜಪ್ಪನವರ ಮಗಳನ್ನು ತಿಮ್ಮಪ್ಪನಿಗೆ ತಂದುಕೊಳ್ಳುವ ಮಾತು ನಡೆದಿತ್ತು. ಹುಡುಗಿ ಒಪ್ಪಿದ್ದಳು. ಇವನಂತೂ ಅವಳನ್ನು ನೋಡಿ ಬಂದ ದಿನದಿಂದ ಸಾರಿಗೆ ಉಪ್ಪು ಸಾಲದೆಂದು ಹೇಳುವುದನ್ನೇ ಬಿಟ್ಟಿದ್ದ. ಅಷ್ಟರಲ್ಲಿ ನಂಜಪ್ಪನವರು ಹೇಳಿಕಳಿಸಿದರು: “ಬಿದಿಗೆ ದಿನ ವೀಳ್ಯ ಬದಲಾಯಿಸಾಣ. ಹುಡುಗ ಅದೇ ಲಾರಿನಾಗೆ ಬರ್ಲಿ. ಅದು ತಾನಾಗೇ ಓಡ್ಕಂಡು ಬಂದ್ರೆ ಮಾತು ಖಾಯಂ. ಎತ್ತು ಕಟ್ಕಂಡು ಬಂದ್ರೆ, ಬಂದ ದಾರೀಲೇ ತಿರುಗಿಸ್ಕಂಡು ಹೋಗ್ಲಿ.”

ಅಮಾವಾಸ್ಯೆ, ಪಾಡ್ಯ, ಬಿದಿಗೆ. ಕೈಯಲ್ಲಿದ್ದದ್ದು ಎರಡೇ ದಿನ.

ಲಾರಿಯ ರೋಗ ಏನೆಂದು ಹೇಳಿಬಿಡುತ್ತೇನೆ. ಅದರ ಹೊಟ್ಟೆಯ ಕೆಳಗೆ, ಇಂಜಿನಿನಿಂದ ಹಿಂದಿನ ಚಕ್ರಗಳ ತನಕ, ಉದ್ದನೆಯ ಉಕ್ಕಿನ ದಂಡವೊಂದು ತಿರುಗುತ್ತಿರುತ್ತದೆ. ದಾರಿ ಏರಿಳಿದಂತೆ ದಂಡವೂ ಬಳುಕಬೇಕಲ್ಲ, ಅದಕ್ಕಾಗಿ ತುದಿಯಲ್ಲಿ ಒಂದು ಕೀಲು. ಕೀಲೆಂದರೆ ನಾಲ್ಕು ತೋಳಿನ ಕಬ್ಬಿಣದ ತುಂಡು. ಒಂದೊಂದು ತೋಳಿಗೂ ಒಂದೊಂದು ಉಕ್ಕಿನ ಬಟ್ಟಲನ್ನು ಟೋಪಿಯ ಹಾಗೆ ತೊಡಿಸಿ, ಆ ಬಟ್ಟಲುಗಳನ್ನು ದಂಡದ ಕಿವಿಗಳೊಳಗೆ, ಎಂದರೆ ತುದಿಯ ದುಂಡು ತೂತುಗಳೊಳಗೆ, ಬಿಗಿಯಾಗಿ ಕೂರಿಸಿರುತ್ತಾರೆ. ಒಳಗೆ ಗ್ರೀಸು ತುಂಬಲು ಒಂದು ಸಣ್ಣ ತೂತು. ಸವೆದ ಕೀಲಿಗೆ ಬದಲು ಹೊಸದು ಬೆಂಗಳೂರಿನಿಂದ ರೈಲಿನಲ್ಲಿ ಬಂದಿತ್ತು. ಕಡೂರು ಸ್ಟೇಷನ್ನಿನಲ್ಲಿ ನಾನೇ ಬಿಡಿಸಿಕೊಂಡು, ಗೌರಿಯೊಂದಿಗೆ ಚೌಳಹಿರಿಯೂರಿಗೆ ತಂದಿದ್ದೆ. ಹಳೆಯದನ್ನು ತೆಗೆಯಬೇಕು, ಹೊಸದನ್ನು ಹಾಕಬೇಕು. ಇಷ್ಟೇ ತಾನೇ?

ಹಳೆಯದು ಬರಲಿಲ್ಲ. ದಂಡವನ್ನು ಬಿಚ್ಚಿ ಕಣದಲ್ಲಿ ಕಲ್ಲುಗಳ ಮೇಲೆ ಮಲಗಿಸಿ, ಬಟ್ಟಲು ಜಾರದಂತೆ ಹಾಕಿದ್ದ ತಡೆಗಳನ್ನು ಕಿತ್ತೆವು. ಸುತ್ತಿಗೆಯಲ್ಲಿ ಹೊಡೆದೆವು. ಹಾರೆಯಿಂದ ಮೀಟಿದೆವು. ಸೀಮೆಎಣ್ಣೆ ಕುಡಿಸಿದೆವು. ತುಕ್ಕು ಹಿಡಿದ ನಾಲ್ಕು ಬಟ್ಟಲುಗಳೂ ಹುಟ್ಟಿದ ಮನೆ ಬಿಡಲೊಲ್ಲದ ಮದುಮಗಳಂತೆ ಕೂತಿದ್ದವು.

ಊರಿನ ಕಮ್ಮಾರ ವೀರಾಚಾರಿ ತನ್ನ ಜಗುಲಿಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದ. ಕುಲುಮೆ ತಣ್ಣಗಿತ್ತು.

“ಇವತ್ತು ಅಮಾಸೆ ಮೇಷ್ಟ್ರೇ. ನಾವು ತಿದಿ ಊದಾಕಿಲ್ಲ, ಕಬ್ಬಿಣ ಮುಟ್ಟಾಕಿಲ್ಲ. ನಾಳೆ ಹೊತ್ತುಟ್ಟೋ ಹೊತ್ಗೆ ಬತ್ತೀನಿ. ಅದೇನು ಮಹಾ!”

“ಕಬ್ಬಿಣಕ್ಕೆ ಅಮಾವಾಸ್ಯೆ ಗೊತ್ತಾಗುತ್ತೇನು ಆಚಾರ್ರೇ?” ಎಂದು ನಾನು ನಕ್ಕೆ.

“ಅದಕ್ಕೆ ಗೊತ್ತಾಗಾಕಿಲ್ಲ. ನಮಗೆ ಗೊತ್ತಾಗ್ತದೆ” ಎಂದು ಅವನು ಎಲೆಗೆ ಸುಣ್ಣ ಹಚ್ಚಿದ.

ನಾಳೆಯ ತನಕ ಸುಮ್ಮನಿದ್ದಿದ್ದರೆ ಎಲ್ಲವೂ ಮುಗಿದುಹೋಗುತ್ತಿತ್ತು. ಆದರೆ ಸುಮ್ಮನಿರುವುದನ್ನು ನನಗೆ ಯಾವ ಕಾಲೇಜಿನಲ್ಲೂ ಕಲಿಸಿರಲಿಲ್ಲ. ಕಣಕ್ಕೆ ವಾಪಸು ಬಂದು ಒಂದು ಸಣ್ಣ ಉಪನ್ಯಾಸ ಕೊಟ್ಟೆ. “ಲೋಹ ಕಾದರೆ ಹಿಗ್ಗುತ್ತದೆ, ತಣಿದರೆ ಕುಗ್ಗುತ್ತದೆ. ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವುದು ನೋಡಿಲ್ಲವೇ? ಪಟ್ಟಿ ಕಾದು ಹಿಗ್ಗಿದರೆ ಚಕ್ರ ಒಳಗೆ ಹೋಗುತ್ತದೆ. ಅದೇ ತತ್ತ್ವ. ಕಿವಿ ಕಾದು ಹಿಗ್ಗಿದರೆ ಬಟ್ಟಲು ತಾನಾಗೇ ಹೊರಗೆ ಬರುತ್ತದೆ.”

“ಭಾವ, ಬಟ್ಟಲೂ ಕಾಯ್ತದಲ್ಲ? ಅದೂ ಹಿಗ್ಗಾಕಿಲ್ವಾ?” ಎಂದ ತಿಮ್ಮಪ್ಪ. ಅವನು ಓದಿದ್ದು ನಾಲ್ಕನೆಯ ಕ್ಲಾಸು.

“ನೀನು ಬೆರಣಿ ತಾರೋ” ಎಂದೆ.

ಬೆರಣಿಗಳನ್ನು ಕೀಲಿನ ಸುತ್ತ ದುಂಡಗೆ ಜೋಡಿಸಿ ಬೆಂಕಿ ಹಾಕಿದೆವು. ಆ ಸೀಮೆಯಲ್ಲಿ ಕಣದಲ್ಲಿ ಬೆರಣಿ ದುಂಡಗೆ ಉರಿಯಿತೆಂದರೆ ಯಾರದೋ ಚಕ್ರಕ್ಕೆ ಪಟ್ಟಿ ಹಾಕುತ್ತಿದ್ದಾರೆಂದೇ ಅರ್ಥ. ಪಟ್ಟಿ ಕೂತ ತಕ್ಷಣ ನೀರು ಹಾಕದಿದ್ದರೆ ಚಕ್ರದ ಮರ ಸುಟ್ಟುಹೋಗುತ್ತದೆ. ಹಾಗಾಗಿ, ಹೊಗೆ ಕಂಡ ಮನೆಯ ಹೆಂಗಸರು ಕರೆಯದೆಯೇ ಕೊಡ ಹಿಡಿದು ಬರುವುದು ವಾಡಿಕೆ. ಬಂದರು. ಎಂಟು ಕೊಡ, ನನ್ನ ಅತ್ತೆಯವರದೂ ಸೇರಿ. ಕೊನೆಗೆ ಗೌರಿ ತನ್ನ ತಾಮ್ರದ ಬಿಂದಿಗೆಯೊಂದಿಗೆ. ನನ್ನ ವಿಜ್ಞಾನಕ್ಕೆ ಇಷ್ಟು ಸಭಿಕರು ಎಂದೂ ಸೇರಿರಲಿಲ್ಲ. ಯಾಕೆ ಬಂದಿದ್ದಾರೆಂದು ನಾನು ಕೇಳಲಿಲ್ಲ.

ಕೀಲು ಕೆಂಪಗಾಯಿತು. ತಿಮ್ಮಪ್ಪ ಸುತ್ತಿಗೆ ಬೀಸಿದ. ಒಂದು ಬಟ್ಟಲು ಭತ್ತದ ಕಾಳಿನಷ್ಟು ಹೊರಗೆ ಸರಿಯಿತು! ನಾನು ಹಿಗ್ಗಿ, “ಬಂತು! ಬಂತು!” ಎಂದು ಕೂಗಿದೆ.

ಆ ಕೂಗಿಗೇ ಅವರೆಲ್ಲ ಕಾದು ನಿಂತಿದ್ದದ್ದು. ಒಂಬತ್ತು ಕಡೆಯಿಂದ ಒಂಬತ್ತು ಪಾತ್ರೆ ನೀರು ಕೀಲಿನ ಮೇಲೆ ಬಿತ್ತು. ಆವಿ ತೆಂಗಿನ ಮರದ ಎತ್ತರಕ್ಕೆ ಎದ್ದಿತು. ಬೂದಿಯೆಲ್ಲ ನನ್ನ ಕೋಟಿಗೆ ಬಂತು. ಆವಿ ಹರಿದು ನೋಡಿದರೆ, ಬಟ್ಟಲು ಸರಿದಷ್ಟೇ ಸರಿದು, ಅಲ್ಲೇ ಹೊಸ ಚಕ್ರದ ಪಟ್ಟಿಯಂತೆ ಕಚ್ಚಿಕೊಂಡಿತ್ತು.

“ಚೆನ್ನಾಗಿ ಕೂತ್ಕಂತು ಅಳಿಯಂದ್ರೇ. ಇನ್ನು ಹತ್ತು ವರ್ಷ ಅಲ್ಲಾಡಾಕಿಲ್ಲ” ಎಂದು ಅತ್ತೆಯವರು ಸಂತೋಷದಿಂದ ಖಾಲಿ ಕೊಡ ಎತ್ತಿಕೊಂಡು ಹೋದರು.

ಇಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸದೆ ನಾನು ಮಾಡಿದ ಮೂರು ಕೆಲಸಗಳನ್ನು ಈಗಲೂ ಬೆರಳು ಮಡಿಚಿ ಎಣಿಸುತ್ತಿರುತ್ತೇನೆ. ಕೀಲು ಸಡಿಲವಾಗಲೆಂದು ಗ್ರೀಸಿನ ತೂತಿನಿಂದ ಹರಳೆಣ್ಣೆ ಸುರಿದೆ. ಒಳಗೆ ಸೇರಿದ್ದ ನೀರನ್ನು ಬಸಿಯುವುದು ಮರೆತೆ. ಇನ್ನು ಮೇಲೆ ಬೂದಿ ಒಳಗೆ ಹೋಗಬಾರದೆಂದು, ಬಹಳ ಮುಂದಾಲೋಚನೆಯಿಂದ, ಆ ತೂತಿಗೆ ಜೇಡಿಮಣ್ಣು ಮೆತ್ತಿ, ಮೇಲೆ ಬೆಣೆ ಜಡಿದು ಭದ್ರವಾಗಿ ಮುಚ್ಚಿದೆ. ಮುಚ್ಚಿದ ಪಾತ್ರೆಯಲ್ಲಿ ನೀರು ಕಾಯಿಸಿದರೆ ಆವಿಯ ಒತ್ತಡ ಏನು ಮಾಡಬಲ್ಲದು ಎಂಬ ಪಾಠವನ್ನು ನಾನು ವರ್ಷಕ್ಕೊಂದು ಸಲ ಮಾಡುತ್ತಿದ್ದೆ. ರೈಲಿನ ಇಂಜಿನಿನ ಚಿತ್ರ ಬರೆದು ತೋರಿಸುತ್ತಿದ್ದೆ. ಬಣ್ಣದ ಸೀಮೆಸುಣ್ಣದಲ್ಲಿ!

ಮಧ್ಯಾಹ್ನ ಊಟವಾದ ಮೇಲೆ ಎರಡನೆಯ ಬೆಂಕಿ.

“ಈ ಸಲ ಯಾರೂ ಒಂದು ಹನಿ ನೀರು ಹಾಕಕೂಡದು” ಎಂದು ಆಜ್ಞೆ ಮಾಡಿದೆ. ನೀರಿಲ್ಲದ ಬೆಂಕಿಯಲ್ಲಿ ಹೆಂಗಸರಿಗೆ ರುಚಿಯಿರಲಿಲ್ಲ. ಎಲ್ಲರೂ ಮನೆಗೆ ಹೋದರು. ಗೌರಿ ಮಾತ್ರ ಮತ್ತೆ ಬಿಂದಿಗೆ ತುಂಬಿಕೊಂಡು ಬಂದು ನನ್ನ ಹಿಂದೆ ನಿಂತಳು.

“ನೀರು ಬೇಡ ಅಂದೆನಲ್ಲ ಕಣೇ?”

“ಹಾಕಲ್ಲ ಬಿಡ್ರೀ. ಸುಮ್ನೆ ಹಿಡ್ಕೊಂಡಿರ್ತೀನಿ.”

“ಯಾಕೆ?”

“ನೀವು ಕೆಲಸ ಮಾಡ್ತಿದ್ದೀರಲ್ಲ, ಅದಕ್ಕೇ.”

ನಾನು ಬಗ್ಗಿ ಮೊರದಿಂದ ಬೆಂಕಿಗೆ ಗಾಳಿ ಹಾಕುತ್ತಿದ್ದೆ. ಹೊಗೆ ಕಣ್ಣಿಗೆ ಬಂತೆಂದು ಒಂದು ಹೆಜ್ಜೆ ಬಲಕ್ಕೆ ಸರಿದೆ. ಭಾರವಾಯಿತೆಂದು ಗೌರಿ ಬಿಂದಿಗೆಯನ್ನು ಎಡ ಸೊಂಟದಿಂದ ಬಲ ಸೊಂಟಕ್ಕೆ ಬದಲಾಯಿಸಿದಳು. ಇಷ್ಟು ನನಗೆ ಚೆನ್ನಾಗಿ ನೆನಪಿದೆ. ಆಮೇಲೆ ಕೀಲಿನೊಳಗಿಂದ ಹಾಲು ಉಕ್ಕುವ ಮೊದಲಿನಂಥದ್ದೊಂದು ಸಣ್ಣ ಸದ್ದು.

ಆಮೇಲೆ, ಢಂ!

ನನ್ನ ಕಿವಿಯ ಪಕ್ಕ ಏನೋ ಸುಯ್ಯೆಂದು ಹೋಯಿತು. ಬೆರಣಿಗಳು ಹಕ್ಕಿಗಳಂತೆ ಹಾರಿದವು. ತಿಮ್ಮಪ್ಪ ಹುಲ್ಲಿನ ಬಣವೆಯೊಳಗೆ ತಲೆ ತೂರಿಸಿದ. ಯಾರೋ ಕಿಟಾರನೆ ಕಿರುಚಿದರು. ಹೆಂಗಸಿನ ದನಿ ಎಂದುಕೊಂಡೆ. ಆಮೇಲೆ ಗೊತ್ತಾಯಿತು, ಅದು ನಾನೇ.

ತಿರುಗಿ ನೋಡಿದರೆ ಗೌರಿ ನಿಂತಲ್ಲೇ ನಿಂತಿದ್ದಳು. ಅವಳ ಸೊಂಟದ ಮೇಲಿನ ಬಿಂದಿಗೆಯಲ್ಲಿ ಮುಷ್ಟಿ ತೂರುವಷ್ಟು ತೂತು. ಅದರಿಂದ ನೀರು ಅವಳ ಸೀರೆಯ ಮೇಲೆ ಇಳಿದು ಕಾಲನ್ನೆಲ್ಲ ತೋಯಿಸುತ್ತಿತ್ತು. ಒಳಗೆ, ಉಳಿದ ನೀರಿನಲ್ಲಿ, ಬಟ್ಟಲು ಚುಂಯ್ ಎನ್ನುತ್ತಿತ್ತು. ಅವಳು ಬಿಂದಿಗೆ ನೋಡಿದಳು. ನನ್ನ ಮುಖ ನೋಡಿದಳು.

“ಏನ್ರೀ, ಇದು ಹಿಗ್ಗಿದ್ದೋ, ಕುಗ್ಗಿದ್ದೋ?”

ನಾನು ಬೂದಿಯಲ್ಲೇ ಕೂತುಬಿಟ್ಟೆ. ಬಣವೆಯಿಂದ ತಲೆ ಹೊರಗೆ ತೆಗೆದ ತಿಮ್ಮಪ್ಪ, ಕೀಲಿನ ಕಡೆ ಒಂದು ಸಲ ಕಣ್ಣು ಹಾಯಿಸಿ ಕುಣಿಯತೊಡಗಿದ. “ಭಾವ! ಒಂದು ಬಂತು! ಇನ್ನು ಮೂರೇ!”

“ಅಯ್ಯೋ ಮುಂಡೇದೇ, ಅಕ್ಕನ ಮುಖ ನೋಡೋ ಮೊದ್ಲು!” ಎಂದು ಓಡಿಬಂದ ಅತ್ತೆಯವರು ಅವನ ಬೆನ್ನಿಗೆ ಗುದ್ದಿದರು. ನನಗೂ ಒಂದು ಗುದ್ದುವ ಮನಸ್ಸಿತ್ತೆಂದು ಅವರ ಕೈಯಿಂದ ತಿಳಿಯುತ್ತಿತ್ತು. ಅಳಿಯನಲ್ಲವೇ, ತಡೆದುಕೊಂಡರು. ನನ್ನ ಕೈಯಿಂದ ಮೊರ ಕಿತ್ತುಕೊಂಡು ಒಳಗಿಟ್ಟರು.

ಮರುದಿನ ಹೊತ್ತು ಹುಟ್ಟುವಾಗ ಹೇಳಿದಂತೆ ವೀರಾಚಾರಿ ಬಂದ. ಕೀಲನ್ನು ಒಂದು ಸುತ್ತು ತಿರುಗಿಸಿ ನೋಡಿ, ಉಗುರಿನಿಂದ ಜೇಡಿಮಣ್ಣು ಕೆರೆದ.

“ಇದನ್ನ ಮುಚ್ಚಿದ್ಯಾರು?”

ಎಲ್ಲರೂ ನನ್ನನ್ನು ನೋಡಿದರು. ನಾನು ಆಕಾಶ ನೋಡಿದೆ.

ಅವನು ಬೆಣೆ ಕಿತ್ತ. ಒಳಗಿದ್ದ ಎಣ್ಣೆ, ಗ್ರೀಸು, ನೀರನ್ನೆಲ್ಲ ಬಸಿದ. ಕುಲುಮೆಯಲ್ಲಿ ಒಂದು ದಪ್ಪ ಕಬ್ಬಿಣದ ಬಳೆಯನ್ನು ಕಾಯಿಸಿ, ಇಕ್ಕಳದಲ್ಲಿ ಹಿಡಿದು, ಕಿವಿಗೆ ಮಾತ್ರ ತಗಲುವಂತೆ ಹೊರಗಿನಿಂದ ಇಟ್ಟ. ಬಟ್ಟಲಿನ ಮೇಲೆ ಒದ್ದೆ ಬಟ್ಟೆ. ಹೀಗೆ ಕಿವಿ ಹಿಗ್ಗಿತು, ಬಟ್ಟಲು ಹಿಗ್ಗಲಿಲ್ಲ. ತಿಮ್ಮಪ್ಪ ಹಿಂದಿನ ದಿನ ಕೇಳಿದ್ದ ಪ್ರಶ್ನೆಗೆ ಉತ್ತರ ಅಷ್ಟೇ ಆಗಿತ್ತು. ಎರಡು ಏಟು, ಒಂದು ಬಟ್ಟಲು. ಒಂದು ಸಲದ ಎಲೆ ಅಡಿಕೆ ಜಗಿಯುವುದರೊಳಗೆ ಮೂರೂ ಅವನ ಅಂಗೈಯಲ್ಲಿದ್ದವು. ಹೊಸ ಕೀಲು ಹನ್ನೆರಡರೊಳಗೆ ಕೂತಿತು. ಒಂದು ದಿನ ತಡವಾಗಿ!

ಬಿದಿಗೆಯ ದಿನ ಲಾರಿ ತಾನಾಗೇ ಓಡಿತು. ಕಡೂರು ದಾಟಿ, ತರೀಕೆರೆ ದಾಟಿ, ಅಮೃತಾಪುರದಲ್ಲಿ ನಂಜಪ್ಪನವರ ಮನೆಯ ಮುಂದೆಯೇ ನಿಂತಿತು. ಅವರು ಬಗ್ಗಿ ನೋಡಿದರು, ಎಲ್ಲಾದರೂ ಎತ್ತು ಅಡಗಿಸಿದ್ದಾರೆಯೇ ಎಂಬಂತೆ. ಆಮೇಲೆ ನನ್ನ ಬಳಿ ಬಂದರು. ಚೌಳಹಿರಿಯೂರಿನ ಢಂ ಅಮೃತಾಪುರಕ್ಕೆ ಲಾರಿಗಿಂತ ಮೊದಲೇ ಬಂದಿತ್ತು.

“ಮೇಷ್ಟ್ರೇ, ನೀವು ಓದಿದೋರು. ಸತ್ಯ ಹೇಳಿ. ನನ್ನ ಮಗ್ಳು ನಾಳೆ ಇದ್ರಾಗೆ ಕೂತು ಓಡಾಡಬೇಕು. ಇದು ಸಿಡಿಯಾಕಿಲ್ಲ ತಾನೇ?”

ಇಡೀ ಸಂಬಂಧ ನನ್ನ ನಾಲಿಗೆಯ ಮೇಲೆ ನಿಂತಿತ್ತು. ತಿಮ್ಮಪ್ಪನ ಮುಖ ಬಿಳುಚಿತು. ನಾನು ಗಂಟಲು ಸರಿಮಾಡಿಕೊಂಡು, “ನೋಡಿ, ಆವಿಯ ಒತ್ತಡವೆಂಬುದು...” ಎಂದು ಆರಂಭಿಸಿದೆ.

ಹಿಂದಿನಿಂದ ಗೌರಿ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. “ಲಾರಿ ಏನೂ ಆಗಲ್ಲ ಮಾವ. ಇವರು ಮುಟ್ಟದೇ ಇದ್ರೆ ಆಯ್ತು.”

ನಂಜಪ್ಪನವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆ ಮಾತಿನಲ್ಲಿ ಅವರಿಗೆ ಪೂರ್ತಿ ನಂಬಿಕೆ ಬಂದಂತೆ ಕಂಡಿತು. “ಹಂಗಾದ್ರೆ ತಟ್ಟೆ ತನ್ನಿ” ಎಂದರು. ವೀಳ್ಯ ಬದಲಾಯಿತು.

ಎಲ್ಲರಿಗೂ ಸುಖವಾಯಿತು. ನಿದ್ದೆ ಕೆಟ್ಟದ್ದು ನನಗೊಬ್ಬನಿಗೆ. ಕಡೂರಿಗೆ ವಾಪಸು ಬಂದ ಮೇಲೆ ಕಣ್ಣು ಮುಚ್ಚಿದರೆ ಸಾಕು, ಹಾಲುಕ್ಕುವ ಆ ಸಣ್ಣ ಸದ್ದು. ನಾನು ಬಲಕ್ಕೆ ಸರಿಯದೇ ಇದ್ದಿದ್ದರೆ? ಹೋಗಲಿ, ನನಗೆ ಬಡಿದಿದ್ದರೆ ಅದು ನ್ಯಾಯವೇ. ಅವಳು ಬಿಂದಿಗೆಯನ್ನು ಆ ಸೊಂಟಕ್ಕೆ ಬದಲಾಯಿಸದೇ ಇದ್ದಿದ್ದರೆ? ನನ್ನ ಮಾತು ಕೇಳಿ ಬಿಂದಿಗೆಯನ್ನೇ ತರದೇ ಇದ್ದಿದ್ದರೆ? ದಡಬಡಿಸಿ ಎದ್ದು ಕೂತು, ಪಕ್ಕದಲ್ಲಿ ಅವಳು ಉಸಿರಾಡುವುದನ್ನು ನೋಡಿ ಮತ್ತೆ ಮಲಗುತ್ತಿದ್ದೆ. ಅವಳು ಮಾತ್ರ ಏನೂ ನಡೆದಿಲ್ಲವೆಂಬಂತೆ ಗಾಢವಾಗಿ ಮಲಗಿರುತ್ತಿದ್ದಳು. ಎಂಥ ಗಟ್ಟಿ ಜೀವ ಎಂದು ಬೆರಗಾಗುತ್ತಿದ್ದೆ. ಶಾಲೆಯಲ್ಲಿ ಉಷ್ಣದ ಪಾಠ ಬಂದಾಗ ಹಾಳೆ ಮಗುಚಿ ನೇರವಾಗಿ ಬೆಳಕಿನ ಪಾಠಕ್ಕೆ ಹೋದೆ.

ಹೀಗೆ ಒಂದೂವರೆ ತಿಂಗಳು. ಕೊನೆಗೆ ತಿಮ್ಮಪ್ಪನ ಧಾರೆಯಾದ ದಿನ ರಾತ್ರಿ, ಅಮೃತಾಪುರದ ಬೀಗರ ಮನೆಯಲ್ಲಿ, ಜಮಖಾನದ ಮೇಲೆ ಹತ್ತಾರು ನೆಂಟರ ನಡುವೆ ಮಲಗಿದವನಿಗೆ ಎಚ್ಚರವಾದದ್ದು ಬಿಸಿಲು ಕಣ್ಣಿಗೆ ಹೊಡೆದಾಗಲೇ! ಕಾಫಿಯ ಲೋಟ ಹಿಡಿದು ಬಂದ ಗೌರಿಗೆ ಹೇಳಿದೆ:

“ನಿನ್ನೆ ರಾತ್ರಿ ಪೂರ್ತಿ ನಿದ್ದೆ ಬಂತು ಕಣೇ!”

“ನನಗೂ” ಎಂದಳು.

“ನಿನಗೇನು? ನೀನು ದಿನವೂ ಚೆನ್ನಾಗೇ ಮಲಗುತ್ತಿದ್ದೆಯಲ್ಲ?”

“ಎಲ್ಲಿಂದ ಬಂತು! ಕಣ್ಣು ಮುಚ್ಕೊಂಡಿರ್ತಿದ್ದೆ, ಅಷ್ಟೇ. ನೀವು ಎದ್ದು ಕೂತಾಗೆಲ್ಲ, ಇನ್ನೇನು ರಿಪೇರಿಗೆ ಹೊರಟ್ರೋ ಅಂತ ನನ್ನ ಎದೆ ಡವಡವ ಅಂತಿತ್ತು. ಇದು ಬೀಗರ ಮನೆ. ಇಲ್ಲಿ ಯಾರೂ ನಿಮ್ಮ ಕೈಗೆ ಸುತ್ತಿಗೆ ಕೊಡಲ್ಲ ಅಂತ ನಿನ್ನೆ ಧೈರ್ಯವಾಗಿ ಮಲಗಿದೆ.”