ನಾಲ್ಕು ಬೆರಳು ದಪ್ಪದ ಪುಸ್ತಕ

ವೈಜನಾಥನ ಮನೆಯ ಉಕ್ಕಿನ ಅಲಮಾರಿಗೆ ಒಂದು ಕಾಲಿರಲಿಲ್ಲ. ಬಾಗಿಲು ತೆಗೆದಾಗಲೆಲ್ಲ ಅದು ಮುಂದಕ್ಕೆ ಬಾಗಿ, ಒಳಗಿದ್ದ ಸೀರೆಗಳನ್ನು ಶಿವದೇವಿಯ ಪಾದಕ್ಕೆ ಚೆಲ್ಲುತ್ತಿತ್ತು. ಇಟ್ಟಂಗಿ ಇಟ್ಟು ನೋಡಿದ್ದಾಯಿತು, ಕೆಂಪು ಹುಡಿ ಉದುರಿತು. ಕಟ್ಟಿಗೆಯ ತುಂಡು ಇಟ್ಟರು, ಗೆದ್ದಲು ಬಂತು.

"ದಪ್ಪಂದೊಂದು ಪುಸ್ತಕ ತಂದು ಅಡಿಗೆ ಇಡ್ರಿ. ಅಷ್ಟರ ಮಾಡ್ರಿ. ಮತ್ತೇನೂ ನಿಮ್ಮ ಕೈಲೆ ಆಗಂಗಿಲ್ಲ," ಎಂದಳು ಶಿವದೇವಿ ಆ ಭಾನುವಾರ ಬೆಳಿಗ್ಗೆ.

ಮಾತಿನ ಕೊನೆಯ ತುಂಡು ಅಲಮಾರಿಯದಲ್ಲ, ವರ್ಗಾವಣೆಯದು. ಕೇಂದ್ರ ಸರಕಾರದ ಕಾರ್ಖಾನೆಯೊಂದರಲ್ಲಿ ಗುಮಾಸ್ತನಾಗಿದ್ದ ವೈಜನಾಥನಿಗೆ ಒರಿಸ್ಸಾ ಗಡಿಯ ಡಿಪೋಗೆ ವರ್ಗವಾಗಿತ್ತು. ಅಲ್ಲಿ ಹಾಲಿನವನಿಲ್ಲ, ಹೈಸ್ಕೂಲಿಲ್ಲ, ಕತ್ತಲಾದ ಮೇಲೆ ಹಿತ್ತಲ ಬಾಗಿಲು ತೆಗೆಯುವಂತಿಲ್ಲ ಎಂದು ಹೋಗಿಬಂದವರು ಹೇಳಿದ್ದರು. ಮಗಳು ಎಂಟನೇ ಇಯತ್ತೆ. ತಾವಿದ್ದ ಮೆಹದಿಪಟ್ಟಣಂ ಬಿಟ್ಟರೆ ಶಿವದೇವಿಗೆ ಜಗತ್ತೇ ಇರಲಿಲ್ಲ. ವೈಜನಾಥನೋ ಬಚ್ಚಲಲ್ಲಿ ಹಲ್ಲಿ ಕಂಡರೆ ಅರ್ಧ ಸ್ನಾನಕ್ಕೇ ಹೊರಗೆ ಬರುವ ಆಸಾಮಿ. ವರ್ಗ ರದ್ದು ಮಾಡಿರೆಂದು ಸೆಕ್ಷನ್ನಿನಲ್ಲಿ ಕೈಕಾಲು ಹಿಡಿದಿದ್ದ. ವಿಷಯ, ಹೊಸದಾಗಿ ಬಂದಿದ್ದ ದೊಡ್ಡ ಸಾಹೇಬ ರಾಮದಾಸರ ಮೇಜಿನವರೆಗೆ ಹೋಗಿ ಅಲ್ಲೇ ಕೂತಿತ್ತು.

ಆಬಿಡ್ಸಿನಲ್ಲಿ ಭಾನುವಾರ ಅಂಗಡಿಗಳ ಕದ ಮುಚ್ಚಿದರೆ ಫುಟ್‌ಪಾತಿನ ಮೇಲೆ ಹಳೇ ಪುಸ್ತಕಗಳು ತೆರೆದುಕೊಳ್ಳುತ್ತವೆ. ವೈಜನಾಥ ಒಂದೊಂದೇ ಪುಸ್ತಕ ಎತ್ತಿ, ಬೆನ್ನಿಗೆ ಬೆರಳು ಜೋಡಿಸಿ ಅಳೆದು ಕೆಳಗಿಟ್ಟ. ಅಲಮಾರಿಗೆ ಬೇಕಾದದ್ದು ಸರಿಯಾಗಿ ನಾಲ್ಕು ಬೆರಳು. ಹೀಗೆ ಅರ್ಧ ಅಂಗಡಿ ಅಳೆದಾಗ ವ್ಯಾಪಾರಿಗೆ ತಡೆಯಲಾಗಲಿಲ್ಲ.

"ಕ್ಯಾ ಮಿಯಾ, ಕಿತಾಬ್ ಪಢತೇ ಕೀ ನಾಪತೇ?" ಎಂದ. ಓದುವುದಕ್ಕೋ ಅಳೆಯುವುದಕ್ಕೋ ಎಂಬ ಪ್ರಶ್ನೆ ನ್ಯಾಯವಾದದ್ದೇ.

ಕೊನೆಗೆ ಒಂದು ಸಿಕ್ಕಿತು. ಗಟ್ಟಿ ರಟ್ಟು, ನಾಲ್ಕಕ್ಕೆ ನಾಲ್ಕೇ ಬೆರಳು. ಮೇಲೆ ಬಾಯಿ ತೆರೆದ ಹುಲಿಯ ಚಿತ್ರ. ವೈಜನಾಥ ಹುಲಿಯನ್ನು ಕೆಳಮುಖ ಮಾಡಿ ಎದೆಗೊತ್ತಿಕೊಂಡು, "ಸಿಕ್ಕಿತಲ್ಲೋ ಯಪ್ಪಾ!" ಎಂದು ಉದ್ಗರಿಸಿದ.

"ಕನ್ನಡದವರಾ?" ಎಂದಿತು ಹಿಂದಿನಿಂದ ಒಂದು ದನಿ.

ತಿರುಗಿ ನೋಡಿದರೆ ರಾಮದಾಸ ಸಾಹೇಬರು! ಕೊರಳಲ್ಲಿ ಫಳಫಳ ಹೊಸ ಕ್ಯಾಮರಾ. ವೈಜನಾಥ ಪುಸ್ತಕದ ಸಮೇತ ಕೈ ಮುಗಿದ, ಹುಲಿ ಹೊರಮುಖವಾಯಿತು. ತಾನು ಅದೇ ಕಾರ್ಖಾನೆಯ ಗುಮಾಸ್ತನೆಂದು ಹೇಗೋ ಹೇಳಿಕೊಂಡ, ಹೆಸರು ಹೇಳುವ ಮೊದಲೇ ಉಸಿರು ಮುಗಿಯಿತು. ಸಾಹೇಬರ ಕಣ್ಣು ಪುಸ್ತಕದ ಮೇಲಿತ್ತು.

"ವನ್ಯಜೀವಿ ಛಾಯಾಗ್ರಹಣ! ನೀವೂ ಇದರ ಹುಚ್ಚಿನವರೇನ್ರೀ? ನಾನು ಈಗಷ್ಟೇ ಶುರು ಮಾಡಿದ್ದೀನಿ. ಆಗಿನಿಂದ ನೋಡ್ತಿದ್ದೀನಿ, ಎಷ್ಟು ಪುಸ್ತಕ ಎತ್ತಿ ಎತ್ತಿ ಬಿಟ್ರಿ. ಹೊಸದಾಗಿ ಕಲಿಯೋನು ಎಂಥ ಪುಸ್ತಕ ತಗೋಬೇಕು, ಹೇಳಿ."

ಇಲ್ಲ ಎನ್ನಬೇಕಿತ್ತು. ಆದರೆ ಸಾಹೇಬರ ಮೇಜಿನ ಮೇಲೆ ಕೂತಿದ್ದ ವರ್ಗಾವಣೆ ನೆನಪಾಯಿತು. ವೈಜನಾಥ ತನಗೆ ಗೊತ್ತಿದ್ದಷ್ಟನ್ನೇ ಹೇಳಿದ.

"ತೆಳ್ಳಂದು ಬ್ಯಾಡ್ರಿ ಸರ್. ನಾಕು ದಿನಕ್ಕ ಕೈ ಕೊಡ್ತಾವ."

"ನಿಜ, ನಿಜ. ತೆಳ್ಳಗಿನವುಗಳಲ್ಲಿ ಹುರುಳೇ ಇರಲ್ಲ."

"ಬರೇ ಚಿತ್ರದ್ದೂ ಬ್ಯಾಡ್ರಿ. ಆ ಕಾಗದ ನುಣುಪು, ಜಾರ್ತೈತ್ರಿ."

"ಚಿತ್ರ ನೋಡ್ತಾ ಜಾರಿಬಿಡ್ತೀವಿ, ಕಲಿಯೋದು ಹಿಂದೆ ಬೀಳತ್ತೆ! ಎಷ್ಟು ಚೆನ್ನಾಗಿ ಹೇಳಿದ್ರಿ!" ಸಾಹೇಬರು ಅವನ ಭುಜ ತಟ್ಟಿದರು. "ಸಾಯಂಕಾಲ ಲಿಂಗಂಪಲ್ಲಿ ಕಡೆ ಕೆರೆಗೆ ಹೊರಟಿದ್ದೀನಿ. ನೀವು ಬರಲೇಬೇಕು. ಜೀಪು ನಿಮ್ಮ ಮನೆಗೇ ಬರತ್ತೆ, ಡ್ರೈವರಿಗೆ ವಿಳಾಸ ಹೇಳಿಬಿಡಿ. ಕ್ಯಾಮರಾ ಮರೀಬೇಡಿ."

ವೈಜನಾಥ ಜನ್ಮದಲ್ಲಿ ಕ್ಯಾಮರಾ ಮುಟ್ಟಿದವನಲ್ಲ. ಮದುವೆ ಫೋಟೋದಲ್ಲೂ ಅವನ ಕಣ್ಣುಗಳು ಮುಚ್ಚಿಯೇ ಇವೆ.

ಮನೆಗೆ ಬಂದು ಹೇಳಿದಾಗ ಶಿವದೇವಿ ತಲೆಯ ಮೇಲೆ ಕೈ ಹೊತ್ತಳು. ಆದರೆ ಮೇಲಿನ ಮನೆಯ ಗುರುಸಿದ್ದಪ್ಪ ಕಾಕಾನ ಕಿವಿಗೆ ಸುದ್ದಿ ಬಿದ್ದಿತ್ತು. ಕಾಕಾ ಕರ್ನಾಟಕ ಸಂಘದ ಕಾರ್ಯದರ್ಶಿ. ಯಾರ ಮನೆಯ ಕೆಲಸವಾದರೂ ಸಂಘದ ಕೆಲಸವೇ ಎಂದು ಮೈಮೇಲೆ ಹಾಕಿಕೊಳ್ಳುವ ಮನುಷ್ಯ.

"ಹುಚ್ಚಾ, ಅಳತೀ ಯಾಕ? ದೇವರು ಸಾಹೇಬರನ್ನ ಮನೀಗೆ ಕಳಸಾಕತ್ತಾನ! ಅವರ ಮನಸ್ಸು ಗೆದ್ದಿ ಅಂದ್ರ ವರ್ಗ ರದ್ದಾತು ಅಂತ ತಿಳಿ. ಎಲ್ಲಿ, ಆ ಪುಸ್ತಕ ತಾ ಇಲ್ಲೆ."

ಕಾಕಾ ಊಟ ಬಿಟ್ಟು ಪುಸ್ತಕ ತಿರುವಿದ. ಸಾರಾಂಶ ಸುಲಭವಾಗಿತ್ತು: ಹಸಿರು ಬಟ್ಟೆ ಹೊದ್ದುಕೊಳ್ಳಬೇಕು, ಮಾತಾಡಬಾರದು, ಅಲುಗಾಡಬಾರದು. ಮೊದಲನೆಯದಕ್ಕೆ ಕಾಕಾ ಸಂಘದ ವೇದಿಕೆಯ ಮೇಜಿಗೆ ಹಾಸುವ ಹಸಿರು ಬಟ್ಟೆ ತಂದ. ಅದರ ಮೇಲೆ ಹಳದಿ ದಾರದಲ್ಲಿ 'ಕರ್ನಾಟಕ ಸಂಘ' ಎಂದು ಕಸೂತಿ ಇತ್ತು.

"ಹೊಲಸು ಮಾಡಬ್ಯಾಡ ಮತ್ತ. ಮುಂದಿನ ವಾರ ಕಾರ್ಯಕ್ರಮ ಐತಿ."

ಕ್ಯಾಮರಾ ಬಂದದ್ದು ಮದುವೆ ಫೋಟೋ ತೆಗೆಯುವ ಬಸವಲಿಂಗಪ್ಪನಿಂದ. ಅದರ ತಲೆಯ ಮೇಲೆ ರೊಟ್ಟಿ ತಟ್ಟೆಯಷ್ಟು ಅಗಲದ ಫ್ಲಾಶ್ ಇತ್ತು. "ಇದನ್ನ ಒತ್ತಿದ್ರ ಬೆಳಕು, ಅದನ್ನ ಒತ್ತಿದ್ರ ಫೋಟೋ. ಸ್ಮೈಲ್ ಪ್ಲೀಸ್ ಅನ್ನೂದು ಮರೀಬ್ಯಾಡ್ರಿ," ಎಂದು ಅವನು ವಿದ್ಯಾದಾನ ಮಾಡಿದ.

ಶಿವದೇವಿ ಬಾಗಿಲವರೆಗೆ ಬಂದಳು. ಅವಳ ಕಣ್ಣಲ್ಲಿ ನೀರಿತ್ತು. "ಏನರೆ ಮಾಡ್ರಿ, ಅವರಿಗೆ ಖುಷಿ ಆಗೂ ಹಂಗ ಮಾಡ್ರಿ. ಆ ಕಾಡಿಗೆ ನಾ ಒಲ್ಲೆ." ವೈಜನಾಥ ಕ್ಯಾಮರಾ, ಪುಸ್ತಕ, ಬಟ್ಟೆ ಎಲ್ಲ ಹೊತ್ತುಕೊಂಡು ಜೀಪು ಹತ್ತಿದ.

ಕೆರೆಯ ದಂಡೆಯಲ್ಲಿ ಮನೆಯಷ್ಟೆತ್ತರದ ಬಂಡೆಗಳು ಒಂದರ ಮೇಲೊಂದು ಕೂತಿದ್ದವು. ಸಾಹೇಬರು ಒಂದರ ಮರೆ ಹಿಡಿದರು. ವೈಜನಾಥ ಎದುರಿನ ಪೊದೆಯಲ್ಲಿ ಪುಸ್ತಕವನ್ನು ಮಣೆ ಮಾಡಿಕೊಂಡು, ಸಂಘವನ್ನು ಹೊದ್ದು ಕೂತ. ತಲೆಗೆ ಕಾಕಾ ಬೇವಿನ ಸೊಪ್ಪು ಬೇರೆ ಸಿಕ್ಕಿಸಿದ್ದ. ಎಮ್ಮೆಯೊಂದು ಬಂದು ಅದರಲ್ಲಿ ಅರ್ಧ ತಿಂದು, ಕಹಿಯೆಂದು ಮುಖ ಕಿವುಚಿ ಹೋಯಿತು. ಸಾಹೇಬರು ದೂರದಿಂದಲೇ ಭೇಷ್ ಎಂದು ಕೈ ಎತ್ತಿದರು.

ಆಗ ಕಾಲಿಗೇನೋ ತಣ್ಣಗೆ ತಾಗಿತು. ಬಗ್ಗಿ ನೋಡಿದರೆ ಮಾರುದ್ದದ ಕೇರೆ ಹಾವು, ಅವನ ಚಪ್ಪಲಿಯನ್ನೇ ಒರಗುದಿಂಬು ಮಾಡಿಕೊಂಡು ಮಲಗಿತ್ತು.

ಕೂಗಬೇಕೆಂದುಕೊಂಡ, ದನಿ ಬರಲಿಲ್ಲ. ಓಡಬೇಕೆಂದುಕೊಂಡ, ಕಾಲು ಅವನದಾಗಿ ಉಳಿದಿರಲಿಲ್ಲ. ರೆಪ್ಪೆ ಮಿಟುಕಿಸಿದರೂ ಹಾವಿಗೆ ಸಿಟ್ಟು ಬಂದೀತೆಂದು ಕಣ್ಣನ್ನೂ ಅಲ್ಲಾಡಿಸಲಿಲ್ಲ. ಮನೆದೇವರು, ಶಿವದೇವಿಯ ಮನೆದೇವರು, ಬಾಡಿಗೆ ಮನೆಯವರ ದೇವರು, ಎಲ್ಲರಿಗೂ ಹರಕೆ ಹೊತ್ತು ಮುಗಿಸಿದ. ನೀಲಿ ಮಿಂಚುಳ್ಳಿಯೊಂದು ಹಾರಿಬಂದು, ಇದೂ ಒಂದು ಗುಂಡುಗಲ್ಲೆಂದು ತಿಳಿದು ಅವನ ಭುಜದ ಮೇಲೆ ಕೂತಿತು. ಅಲ್ಲಿಂದಲೇ ನೀರಿಗೆ ಹಾರಿ ಮೀನು ತಂದು, ಅಲ್ಲಿಯೇ ಕೂತು ಬಡಿದು ತಿಂದಿತು. ಮೀನಿನ ನೀರು ಅವನ ಕತ್ತಿನೊಳಗೆ ಇಳಿಯಿತು. ವೈಜನಾಥ ಕಲ್ಲಾಗಿಯೇ ಇದ್ದ. ಎದುರಿನ ಬಂಡೆಯಿಂದ ಸಾಹೇಬರ ಕ್ಯಾಮರಾ ಕ್ಲಿಕ್ ಕ್ಲಿಕ್ ಎನ್ನುತ್ತಲೇ ಇತ್ತು.

ಹೊತ್ತು ಮುಳುಗುವಾಗ ಹಾವು ತನ್ನಷ್ಟಕ್ಕೆ ಎದ್ದು ಹೋಯಿತು. ಸಾಹೇಬರು ಓಡಿಬಂದು ಅವನನ್ನು ತಬ್ಬಿಕೊಂಡರು.

"ಏನು ತಾಳ್ಮೆ ಮಾರಾಯ್ರೇ! ಇಡೀ ಸಾಯಂಕಾಲ ಒಂದು ಕೂದಲೂ ಅಲುಗಲಿಲ್ಲ! ನಿಮ್ಮ ಕ್ಯಾಮರಾ ಮುಟ್ಟದೆ ನನಗೆ ಫೋಟೋ ಸಿಗಲಿ ಅಂತ ಕೂತಿದ್ರಲ್ಲ, ಇದು ತಪಸ್ಸು ಕಣ್ರೀ!"

ಹಾವಿನ ಮಾತನ್ನು ವೈಜನಾಥ ನುಂಗಿಕೊಂಡ. ಜೀಪು ಹೊರಟಿತು. ಇದಕ್ಕಿಂತ ಒಳ್ಳೆಯ ಗಳಿಗೆ ಮತ್ತೆ ಬಾರದು ಎನಿಸಿ, ಧೈರ್ಯ ಮಾಡಿ ಬಾಯಿಬಿಟ್ಟ.

"ಸರ್, ನಾನು ವೈಜನಾಥರಿ. ಒರಿಸ್ಸಾ ಡಿಪೋಕ್ಕ ವರ್ಗ ಆಗೈತಲ್ರಿ, ಅದನ್ನ ನೀವು..."

ಸಾಹೇಬರು ಅವನನ್ನು ದಿಟ್ಟಿಸಿ ನೋಡಿದರು. "ಆ ವೈಜನಾಥ ನೀವೇನಾ! ಅಯ್ಯೋ! ಪಾಪ, ಮಗಳ ಸ್ಕೂಲು, ಹೆಂಡತಿ ಅಂತೆಲ್ಲ ಕೇಳಿ ನಿನ್ನೆ ತಾನೇ ರದ್ದು ಮಾಡೋಣ ಅಂದುಕೊಂಡಿದ್ದೆ. ನಾಳೆ ಸಹಿ ಹಾಕೋನಿದ್ದೆ ಕಣ್ರೀ."

ವೈಜನಾಥನಿಗೆ ಜೀಪು ನೆಲ ಬಿಟ್ಟು ಹೋಗುತ್ತಿರುವಂತೆ ಅನಿಸಿತು. ಎರಡೂ ಕೈ ಮುಗಿದ.

"ಎಂಥಾ ಪಾಪ ಆಗ್ತಿತ್ತು ನನ್ನ ಕೈಲಿ!" ಎಂದರು ಸಾಹೇಬರು. "ಆನೆ, ಕರಡಿ, ಹುಲಿ, ಎಲ್ಲ ಮನೆ ಹಿತ್ತಲಿಗೇ ಬರೋ ಜಾಗ ಅದು. ನಿಮ್ಮಂಥ ತಪಸ್ವಿನ ಊರಲ್ಲಿ ಕೂಡಿಹಾಕ್ತಿದ್ದೆನಲ್ಲ!"

"ಇಲ್ರಿ ಸರ್, ನನಗ ಇಲ್ಲೇ ಭಾಳ ಚಲೋ ಐತ್ರಿ!"

"ಸುಮ್ನಿರಿ, ನನಗೆ ಗೊತ್ತಾಗಲ್ವಾ? ಹೆಂಡತಿ ಹೇಳ್ಕೊಟ್ಟಿದ್ದನ್ನ ಒಪ್ಪಿಸ್ತಿದ್ದೀರಿ. ನಮ್ಮ ಮನೇಲೂ ಇದೇ ಗೋಳು. ಅವಳಿಂದಾಗಿ ನಾನಂತೂ ಕಾಡು ಕಾಣಲಿಲ್ಲ, ನೀವಾದ್ರೂ ಬದುಕ್ಕೊಳ್ಳಿ." ಅವನು ಇಳಿಯುವಾಗ ಪುಸ್ತಕಕ್ಕೆ ಕೈ ಚಾಚಿದರು. "ಇದು ನನಗಿರಲಿ. ಕಾಡಲ್ಲೇ ಇರೋರಿಗೆ ಪುಸ್ತಕ ಯಾಕೆ?"

ಬಾಗಿಲಲ್ಲಿ ಕಾಕಾ ಕಾಯುತ್ತಿದ್ದ. "ಏನಾತೋ? ಸಾಹೇಬರು ಖುಷಿ ಆದ್ರಿಲ್ಲೋ?"

"ಭಾಳ ಖುಷಿ ಆದ್ರು ಕಾಕಾ," ಎಂದು ವೈಜನಾಥ ಮೇಜಿನ ಬಟ್ಟೆ ಮಡಚಿ ಕೊಟ್ಟ.

ಶಿವದೇವಿಯ ಮುಖ ಅರಳಿತು. ಸಂಭ್ರಮದಲ್ಲಿ, ಗಂಡನಿಗೆ ಒಣ ಟವೆಲ್ ಕೊಡಲೆಂದು ಅಲಮಾರಿ ತೆಗೆದಳು. ಸೀರೆಗಳೆಲ್ಲ ಪಾದದ ಮೇಲೆ ಬಿದ್ದವು. "ಅಯ್ಯ, ಪುಸ್ತಕ ಎಲ್ಲೈತ್ರಿ? ಇದರ ಕಾಲಿಗೆ ಇಡೂದಲ್ಲೇನು?"

ವೈಜನಾಥ ನೆಲದ ಮೇಲೆ ಕೂತು, ಬಿದ್ದ ಸೀರೆಗಳನ್ನು ಒಂದೊಂದಾಗಿ ಟ್ರಂಕಿಗೆ ತುಂಬತೊಡಗಿದ.

"ಅದಕ್ಕ ಕಾಲ್ಯಾಕ ಈಗ? ಲಾರಿಯೊಳಗ ಅಡ್ಡ ಮಲಗಸೂದೈತಿ," ಎಂದ.