ನಮ್ಮದಲ್ಲದ ನಾಯಿಯ ವಿಷಯವಾಗಿ ಶ್ವಾನ ತೆರಿಗೆ ಅಧಿಕಾರಿಗಳಿಗೆ

ಮಾನ್ಯರೇ,

ತಮ್ಮ ಆರೋಗ್ಯ, ತಮ್ಮ ಕುರ್ಚಿಯ ಆರೋಗ್ಯ ಮತ್ತು ಆ ಕುರ್ಚಿಯ ಬೆನ್ನಿಗೆ ಸದಾ ತೂಗುಬಿದ್ದಿರುವ ತಮ್ಮ ಕೋಟಿನ ಆರೋಗ್ಯ ಮೂರೂ ಚೆನ್ನಾಗಿವೆಯೆಂದು ನಂಬಿ, ಪೇಟೆಯ ಕೊನೆಯ ಬೀದಿಯಲ್ಲಿ ಉಣ್ಣೆಯ ಹಾಸಿಗೆ ಹೊಲಿದು ಮಾರುವ ಹೆಂಗಸಾದ ನಾನು ಈ ಬಹಿರಂಗ ಪತ್ರವನ್ನು ಅತ್ಯಂತ ವಿನಯದಿಂದ ಬರೆಯುತ್ತಿದ್ದೇನೆ. ತಮ್ಮ ಕಚೇರಿಗೆ ಬಂದಾಗಲೆಲ್ಲ ನಾನು ಕೋಟನ್ನು ಕಂಡಿದ್ದೇನೆ, ತಮ್ಮನ್ನು ಕಂಡಿಲ್ಲ. ಆದ್ದರಿಂದ ಕೋಟಿಗೂ ನನ್ನ ನಮಸ್ಕಾರ ತಿಳಿಸಬೇಕು. ಈ ಮೊದಲಿನ ಪತ್ರಗಳನ್ನು ಲಕೋಟೆಯಲ್ಲಿಟ್ಟು ಕಳುಹಿಸಿದ್ದೆ. ಲಕೋಟೆ ಒಡೆಯುವ ಶ್ರಮವನ್ನು ತಮಗೆ ಮತ್ತೆ ಮತ್ತೆ ಕೊಡಬಾರದೆಂದು ಈ ಸಲ ಊರಿಗೆಲ್ಲ ಕಾಣುವಂತೆ ಪತ್ರಿಕೆಗೇ ಕೊಡುತ್ತಿದ್ದೇನೆ.

ಮೊದಲಿಗೆ ತಮ್ಮ ಕಾನೂನನ್ನು ಹೊಗಳದಿದ್ದರೆ ನನ್ನ ನಾಲಿಗೆ ಸುಮ್ಮನಿರುವುದಿಲ್ಲ. ನಾಯಿಗಳು ಕುರಿ, ಕರುಗಳನ್ನು ಕೊಂದು ಸಾಕಿದವರ ಹೊಟ್ಟೆಯ ಮೇಲೆ ಹೊಡೆಯುತ್ತಿವೆ, ಆದ್ದರಿಂದ ನಾಯಿಗಳ ಮೇಲೆಯೇ ತೆರಿಗೆ ಹಾಕಿ, ಆ ದುಡ್ಡಿನಲ್ಲಿ ನಷ್ಟ ತುಂಬಿಕೊಡೋಣ ಎಂದು ತಾವು ಯೋಚಿಸಿದಿರಲ್ಲ, ಅದಕ್ಕೆ ತಲೆ ಬೇಕು. ತೆರಿಗೆ ಕಟ್ಟುವ ನಾಯಿಗಳೆಲ್ಲ ಸೋಫಾದ ಮೇಲೆ ಮಲಗಿ ಬಿಸ್ಕತ್ತು ತಿನ್ನುವಂಥವು. ಕುರಿ ತಿನ್ನುವ ನಾಯಿಗಳು ಒಂದು ಬಿಡಿಗಾಸನ್ನೂ ಕಟ್ಟುವುದಿಲ್ಲ. ಮನುಷ್ಯರಲ್ಲಿ ಬಹಳ ಕಾಲದಿಂದ ಸರಾಗವಾಗಿ ನಡೆದುಬಂದಿರುವ ಈ ಪದ್ಧತಿಯನ್ನು ನಾಯಿಗಳಿಗೂ ವಿಸ್ತರಿಸಿದ ಕೀರ್ತಿ ತಮ್ಮ ಇಲಾಖೆಗೇ ಸಲ್ಲಬೇಕು.

ಇನ್ನು ನಾಯಿ ಎಣಿಸಲು ತಾವು ನಮ್ಮ ಬೀದಿಗೆ ಕಳುಹಿಸಿದ ಎಣಿಕೆಯವರ ವಿಷಯ. ನಮ್ಮ ಅಂಗಡಿಯ ಹಿಂದೆ ಒಂದು ಹಿತ್ತಿಲಿದೆ, ಅಲ್ಲಿ ನನ್ನ ಅತ್ತೆ ಕುರಿ ಸಾಕುತ್ತಾರೆ, ಆ ಕುರಿಗಳ ಉಣ್ಣೆಯೇ ನನ್ನ ಹಾಸಿಗೆಗಳ ಹೊಟ್ಟೆಗೆ ಹೋಗುತ್ತದೆ. ಆ ದಿನ ಎಣಿಕೆಯವರು ಸ್ಕೂಟರಿನಲ್ಲಿ ಹಿತ್ತಿಲ ಬಾಗಿಲಿಗೆ ಬಂದಾಗ, ಅವರ ಹಿಂದೆಯೇ ಯಾವ ಬೀದಿಯಿಂದಲೋ ಬೆನ್ನುಹತ್ತಿದ ಒಂದು ಮುದಿ ನಾಯಿಯೂ ಏದುಸಿರು ಬಿಡುತ್ತ ಬಂದು, ಸ್ಕೂಟರನ್ನು ನೋಡಿ ಎಡೆಬಿಡದೆ ಬೊಗಳತೊಡಗಿತು. ಎಣಿಕೆಯವರು ಪುಸ್ತಕ ತೆರೆದು “ಇದು ಬೀದಿ ನಾಯಿನೋ, ಸಾಕು ನಾಯಿನೋ?” ಎಂದು ಕೇಳಿದರು. ಅತ್ತೆಗೆ ಒಂದು ಕಿವಿ ಮಂದ, ಇನ್ನೊಂದರ ತುಂಬ ಬೊಗಳು, ಅವರು ತಲೆಚಿಟ್ಟು ಹಿಡಿದು ನಾಯಿಯ ಕಡೆ ಕೈ ಬೀಸಿ “ಸಾಕು ನಾಯೀ! ಎಷ್ಟು ಬೊಗಳ್ತೀಯ, ಸಾಕು ನಾಯೀ!” ಎಂದು ಗದರಿದರು. ಎರಡು ಸಲ ಹೇಳಿದ್ದರಿಂದ ಎಣಿಕೆಯವರು ‘ಸಾಕುನಾಯಿ, ಎರಡು’ ಎಂದು ಬರೆದುಕೊಂಡರು. ಸಾಕು ಎಂಬುದಕ್ಕೂ ನಾಯಿ ಎಂಬುದಕ್ಕೂ ನಡುವೆ ನನ್ನ ಅತ್ತೆ ಬಾಯಲ್ಲೇ ಇಟ್ಟ ಅಲ್ಪವಿರಾಮವನ್ನು ಕೇಳಿಸಿಕೊಳ್ಳಲು ಇಲಾಖೆ ಅವರಿಗೆ ತರಬೇತಿ ಕೊಟ್ಟಿರಲಿಲ್ಲವೆಂದು ಕಾಣುತ್ತದೆ. ಆಮೇಲೆ ಅವರು ಹೆಸರು ಕೇಳಿದರಂತೆ. ಅತ್ತೆ ಹಣೆ ಚಚ್ಚಿಕೊಂಡು “ಎಲ್ಲಿತ್ತೋ ಈ ದರಿದ್ರ!” ಎಂದರು. ಹೆಸರಿನ ಜಾಗದಲ್ಲಿ ಅದೂ ಹೋಯಿತು. ನಾನು ಮುಂದಿನ ಕೋಣೆಯಲ್ಲಿ ಎರಡಾಳಿನ ಹಾಸಿಗೆಯ ಅಂಚು ಹೊಲಿಯುತ್ತ, ಹಲ್ಲಿನಲ್ಲಿ ದಬ್ಬಣ ಕಚ್ಚಿಕೊಂಡು ಕೂತಿದ್ದೆ. ಅದನ್ನು ಬಾಯಿಂದ ತೆಗೆದು ‘ಅಯ್ಯೋ, ನಿಲ್ಲಿ’ ಎನ್ನುವಷ್ಟರಲ್ಲಿ ಸ್ಕೂಟರು ಹೋಗಿತ್ತು. ನಾಯಿ ಹೋಗಲಿಲ್ಲ.

ಹದಿನೈದು ದಿನಗಳಲ್ಲಿ ‘ದರಿದ್ರ ಮತ್ತು ಇನ್ನೊಂದು’ ಎಂಬ ಹೆಸರಿನಲ್ಲಿ ತೆರಿಗೆಯ ಚೀಟಿಯೂ ಕತ್ತಿಗೆ ಕಟ್ಟುವ ಎರಡು ಹಿತ್ತಾಳೆ ಬಿಲ್ಲೆಗಳೂ ಬಂದವು. ದರಿದ್ರಕ್ಕೆ ತೆರಿಗೆ ಹಾಕಿದ ಮೊದಲ ಇಲಾಖೆ ತಮ್ಮದಲ್ಲದಿರಬಹುದು, ಆದರೆ ಅದನ್ನು ಇಷ್ಟು ಬಾಯಿಬಿಟ್ಟು ಚೀಟಿಯಲ್ಲಿ ಬರೆದುಕೊಟ್ಟವರು ತಾವೇ ಮೊದಲಿಗರು. ಒಂದು ಬಿಲ್ಲೆಯನ್ನು ದರಿದ್ರನ ಕತ್ತಿಗೆ ಕಟ್ಟಿದೆವು. ಇನ್ನೊಂದನ್ನು ಕಟ್ಟಲು ಕತ್ತು ಸಿಗಲಿಲ್ಲ. ಆ ಎರಡನೆಯ ನಾಯಿಯ ಬಗ್ಗೆ ನನ್ನದೇನೂ ತಕರಾರಿಲ್ಲ. ಅದು ಬೊಗಳುವುದಿಲ್ಲ, ಕೂದಲು ಉದುರಿಸುವುದಿಲ್ಲ, ಅಷ್ಟು ಒಳ್ಳೆಯ ನಾಯಿಯನ್ನು ನಾನು ಜನ್ಮದಲ್ಲಿ ಕಂಡಿಲ್ಲ.

ಮೊದಲನೆಯದು ಹಾಗಲ್ಲ. ಅದು ನನ್ನ ಉಣ್ಣೆಯ ರಾಶಿಯ ಮೇಲೆ ಮಲಗುತ್ತದೆ, ಗಿರಾಕಿಗಳ ಚಪ್ಪಲಿಯನ್ನು ಹೊತ್ತುಕೊಂಡು ಹೋಗಿ ಇನ್ನೊಬ್ಬ ಗಿರಾಕಿಯ ಮುಂದೆ ಇಡುತ್ತದೆ. ವಯಸ್ಸಾಗಿ ಬಾಯಲ್ಲಿ ಹಲ್ಲು ಉಳಿದಿಲ್ಲವೆಂದೇ ಹೇಳಬೇಕು. ನನ್ನ ಅತ್ತೆಗೂ ಅಷ್ಟೇ, ಆದ್ದರಿಂದ ಇಬ್ಬರಿಗೂ ಬೆಳಿಗ್ಗೆ ಹಾಲಿನಲ್ಲಿ ನೆನೆಸಿದ ಬ್ರೆಡ್ಡು; ಅತ್ತೆ ಒಂದು ತುತ್ತು ತಾವು ತಿಂದು ಒಂದು ತುತ್ತು ಅದಕ್ಕಿಡುತ್ತಾರೆ. “ನೋಡೇ, ನಿನ್ನ ಹಾಗೆ ಅವಸರ ಮಾಡಲ್ಲ, ಮರ್ಯಾದಸ್ಥ” ಎಂದು ನನಗೇ ಕೇಳುವಂತೆ ಹೇಳುತ್ತಾರೆ. ಸೊಸೆಗೆ ಇಂಥ ಮಾತೆಲ್ಲ ಮಾಮೂಲು, ಅದನ್ನು ತಾವು ದೂರಿನ ಭಾಗವೆಂದು ಎಣಿಸಬೇಕಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಹೋದ ತಿಂಗಳು ಒಂದು ಮಧ್ಯಾಹ್ನ ನಾನು ಅತ್ತೆಯ ಕಿವಿ ತೋರಿಸಲು ಡಾಕ್ಟರ ಬಳಿ ಹೋಗಿದ್ದಾಗ, ಮಾಂಸದಂಗಡಿಗಳ ಹಿಂದೆ ಬೀಡುಬಿಟ್ಟಿರುವ ನಾಯಿಗಳ ಹಿಂಡು ನಮ್ಮ ತಂತಿಬೇಲಿ ನುಗ್ಗಿ ಮೂರು ಕುರಿಗಳನ್ನು ಕೊಂದುಹಾಕಿತು. ಪಕ್ಕದ ತಗಡಿನ ಕೆಲಸದವರು ಕಣ್ಣಾರೆ ಕಂಡಿದ್ದಾರೆ: ದರಿದ್ರ ಉಣ್ಣೆಯ ರಾಶಿಯಿಂದ ಎದ್ದು ಓಡಿಬಂದು, ಹಲ್ಲಿಲ್ಲದ ಬಾಯಲ್ಲೇ ಆ ಹಿಂಡಿನ ಮೇಲೆ ಬಿದ್ದು, ಕಿವಿ ಹರಿಸಿಕೊಂಡು, ಆ ತಗಡಿನವರೇ ಸುತ್ತಿಗೆ ಹಿಡಿದು ಬೇಲಿ ಹಾರುವ ತನಕ ಅಲ್ಲಿಂದ ಕದಲಲಿಲ್ಲವೆಂದು ಅವರು ಬೇಕಾದಲ್ಲಿ ಬಂದು ಹೇಳಲು ಸಿದ್ಧರಿದ್ದಾರೆ. ಸತ್ತ ಮೂರರಲ್ಲಿ ಒಂದನ್ನು, ತಾಯಿಯಿಲ್ಲದ ಮರಿಯಾಗಿದ್ದಾಗ ಅತ್ತೆ ಬಾಟಲಿಯಲ್ಲಿ ಹಾಲು ಕುಡಿಸಿ ಬದುಕಿಸಿದ್ದರು. ಅವರು ಅವತ್ತು ಅಳಲಿಲ್ಲ, ಬೇಲಿಯ ಪಕ್ಕ ಕೂತುಬಿಟ್ಟರು, ಎಬ್ಬಿಸಲು ಹೋದರೆ ನನ್ನ ಕೈ ಕೊಡವಿದರು. ಮೂರು ಕುರಿ ತಮ್ಮ ಲೆಕ್ಕದಲ್ಲಿ ಮೂರೇ. ನಮ್ಮ ಮನೆಯಲ್ಲಿ ಅದು ವರ್ಷದ ಅರ್ಧ ಉಣ್ಣೆ, ಮತ್ತು ಅವರಿಗೆ ಬೆಳಿಗ್ಗೆ ಎದ್ದೇಳಲು ಇದ್ದ ಅರ್ಧ ಕಾರಣ. ಪರಿಹಾರ ಸಿಕ್ಕರೆ ಮತ್ತೆ ಮೂರು ಮರಿ ತಂದು ಹಿತ್ತಿಲಲ್ಲಿ ಬಿಡಬಹುದೆಂಬುದೊಂದೇ ನನ್ನ ಆಸೆ.

ಹಾಗೆಂದು ಮೊದಲ ಪತ್ರ ಬರೆದೆ. ‘ತಮ್ಮ ಎಮ್ಮೆಯ ಬಗ್ಗೆ ಬರೆದ ಪತ್ರ ತಲುಪಿದೆ’ ಎಂದು ಶುರುಮಾಡಿ, ಸ್ಥಳದಲ್ಲಿ ನಮ್ಮದೇ ನೋಂದಾಯಿತ ನಾಯಿ ಇದ್ದುದರಿಂದ ಅದೇ ಕೊಂದಿದೆ, ಸ್ವಂತ ನಾಯಿ ಕೊಂದರೆ ಪರಿಹಾರವಿಲ್ಲ ಎಂದು ತಾವು ಉತ್ತರಿಸಿದಿರಿ. ತಾವೇ ಕಳುಹಿಸಿದ ಪಶುವೈದ್ಯರು ದರಿದ್ರನ ಬಾಯಿ ಬಿಡಿಸಿ ನೋಡಿ, ಒಂದೇ ಒಂದು ದವಡೆಹಲ್ಲಿದೆ, ಅದೂ ಅಲ್ಲಾಡುತ್ತಿದೆ ಎಂದು ಬರೆದುಕೊಟ್ಟರು. ಅದನ್ನು ಲಗತ್ತಿಸಿ ಎರಡನೆಯ ಪತ್ರ ಬರೆದೆ. ಘಟನೆಯ ನಂತರ ಹಲ್ಲು ಉದುರಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು ಎಂದಿರಿ. ಅಬ್ಬಾ! ಮೂರು ಕುರಿಗಳನ್ನು ಕೊಂದು, ಆ ಶ್ರಮಕ್ಕೆ ಬಾಯಿತುಂಬ ಹಲ್ಲನ್ನು ಒಂದೇ ಮಧ್ಯಾಹ್ನ ಉದುರಿಸಿಕೊಂಡು, ಉದುರಿದ್ದನ್ನು ಗುಡಿಸಿ ಹೊರಗೆ ಚೆಲ್ಲಿ, ಏನೂ ಅರಿಯದವನಂತೆ ಬಂದು ಮಲಗಿದ ಆ ನಾಯಿಗೆ ತಮ್ಮ ಕಚೇರಿಯಲ್ಲಿ ಒಂದು ಕೆಲಸ ಕೊಡಬೇಕೆಂದು ನಾನು ಶಿಫಾರಸು ಮಾಡುತ್ತೇನೆ.

ಮೂರನೆಯ ಪತ್ರದಲ್ಲಿ ಸತ್ಯವನ್ನೇ ಬರೆದೆ: ಆ ನಾಯಿ ನಮ್ಮದಲ್ಲ, ತಮ್ಮ ಸ್ಕೂಟರಿನ ಹಿಂದೆ ಬಂದದ್ದು. ಅದಕ್ಕೆ ತಾವು ಕೂಡಲೇ ಒಪ್ಪಿದಿರಿ. ನಾಯಿ ನಮ್ಮದಲ್ಲವಾದರೆ ಪರಿಹಾರ ಮಂಜೂರಾಗುತ್ತದೆ, ಮಾಲೀಕರಿಲ್ಲದ ನಾಯಿಯನ್ನು ಮಾತ್ರ ಸೋಮವಾರ ತಮ್ಮ ವ್ಯಾನು ಬಂದು ಒಯ್ಯುತ್ತದೆ ಎಂದಿರಿ. ಆ ವ್ಯಾನಿನಲ್ಲಿ ಹೋದ ಯಾವ ನಾಯಿಯೂ ತಿರುಗಿ ಬಂದದ್ದನ್ನು ನಮ್ಮ ಬೀದಿ ಕಂಡಿಲ್ಲ. ನಮ್ಮದೆಂದರೆ ಕುರಿಗಳ ಪರಿಹಾರ ಹೋಯಿತು, ನಮ್ಮದಲ್ಲವೆಂದರೆ ನಾಯಿಯ ಜೀವ ಹೋಯಿತು. ಇಷ್ಟು ಅಚ್ಚುಕಟ್ಟಾಗಿ ಎರಡೂ ಕಡೆ ಹೊಲಿಗೆ ಹಾಕಲು, ಇಷ್ಟು ವರ್ಷ ಹಾಸಿಗೆ ಹೊಲಿದ ನನಗೂ ಬರುವುದಿಲ್ಲ.

ಆದ್ದರಿಂದ ಮಾನ್ಯರೇ, ತಮ್ಮ ದೊಡ್ಡ ಮನಸ್ಸನ್ನು ನಂಬಿ ಕೆಲವು ಸಣ್ಣ ಕೋರಿಕೆಗಳನ್ನು ಮುಂದಿಡುತ್ತೇನೆ. ಮಾಂಸದಂಗಡಿಗಳ ಹಿಂದಿನ ನಾಯಿಗಳನ್ನೆಲ್ಲ ಕಚೇರಿಗೆ ಕರೆಸಿ ಕೂರಿಸಿ, ಕುರಿ ತಿನ್ನಲು ಹೋಗುವಾಗ ಬಿಲ್ಲೆ ಹಾಕಿಕೊಂಡೇ ಹೋಗಬೇಕೆಂದು ತಿಳಿಹೇಳಬೇಕು. ಕುರಿಗಳಿಗೂ ಒಂದು ಸುತ್ತೋಲೆ ಕಳುಹಿಸಿ, ಪ್ರಾಣ ಬಿಡುವ ಮೊದಲು ಕಚ್ಚಿದವನ ಬಿಲ್ಲೆಯ ಸಂಖ್ಯೆಯನ್ನು ಗಟ್ಟಿಯಾಗಿ ಓದಿ ಹೇಳುವಂತೆ ಸೂಚಿಸಬೇಕು. ನನ್ನ ಅತ್ತೆಯ ಕುರಿಗಳು ಮಾತು ಕೇಳುವಂಥವು, ಬೇಗ ಕಲಿಯುತ್ತವೆ. ಸೋಮವಾರ ವ್ಯಾನಿಗೆ ಒಂದು ನಾಯಿ ಬೇಕೇ ಬೇಕೆಂದಾದರೆ ದಯವಿಟ್ಟು ಆ ಎರಡನೆಯದನ್ನು ಒಯ್ಯಬೇಕು. ಅದರ ಬಿಲ್ಲೆ ಸಿದ್ಧವಿದೆ, ಅದು ತಕರಾರು ಮಾಡುವುದಿಲ್ಲ. ಕಡೆಯದಾಗಿ, ದರಿದ್ರನನ್ನು ಪರಿಹಾರದ ಮಟ್ಟಿಗೆ ನಮ್ಮದಲ್ಲವೆಂದೂ ವ್ಯಾನಿನ ಮಟ್ಟಿಗೆ ನಮ್ಮದೆಂದೂ ಬರೆದುಕೊಳ್ಳಬೇಕು. ಒಂದು ನಾಯಿಯನ್ನು ಎರಡು ಮಾಡಲು ಬಂದ ಇಲಾಖೆಗೆ ಇದೇನು ಮಹಾ?

ಇದಿಷ್ಟೂ ಅತ್ತೆಗೆ ಗೊತ್ತಿಲ್ಲ. ಸೋಮವಾರದ ಮಾತನ್ನು ಅವರ ಯಾವ ಕಿವಿಗೂ ಹಾಕಿಲ್ಲ. ಅವರು ಬೇಲಿ ಬಿಟ್ಟು ಎದ್ದು ಒಳಗೆ ಬಂದದ್ದೇ ಆ ನಾಯಿಯ ಹರಿದ ಕಿವಿಗೆ ಔಷಧಿ ಹಚ್ಚಲು. ಈಗ ದಿನಾ ಅದಕ್ಕಾಗಿಯೇ ಏಳುತ್ತಾರೆ. ಆದರೂ ನಾನು ವ್ಯಾಪಾರದವಳು, ಮೂರು ಮರಿ ಬೇಕು, ಆದ್ದರಿಂದ ಮತ್ತೊಮ್ಮೆ ಸ್ಪಷ್ಟವಾಗಿ ಬರೆಯುತ್ತೇನೆ: ನಾಯಿ ನಮ್ಮದಲ್ಲ.

ತಮ್ಮ ಕೋಟಿನ ದರ್ಶನವನ್ನೇ ಭಾಗ್ಯವೆಂದು ತಿಳಿದಿರುವ,

ತಮ್ಮ ವಿಶ್ವಾಸಿ,
ಹಾಸಿಗೆ ಅಂಗಡಿಯ ಸೊಸೆ

ತಾ.ಕ.: ಇದನ್ನು ಪತ್ರಿಕೆಯವರಿಗೆ ಕೊಡಲು ಚಪ್ಪಲಿ ಹುಡುಕುತ್ತಿದ್ದಾಗಲೇ, ಸೋಮವಾರಕ್ಕೆ ಕಾಯದೆ ತಮ್ಮ ವ್ಯಾನು ಬಂದು ನಿಂತಿತು, ಯಾವುದೇ ಕೆಲಸವನ್ನು ತಮ್ಮ ಇಲಾಖೆ ಹೇಳಿದ ದಿನಕ್ಕಿಂತ ಮೊದಲು ಮಾಡಿದ್ದನ್ನು ನಾನು ಕಂಡದ್ದು ಇದೇ ಮೊದಲು. ಅತ್ತೆ ಹಿತ್ತಿಲಲ್ಲಿದ್ದರು, ಅವರಿಗೆ ಏನೂ ಕೇಳಿಸಲಿಲ್ಲ. ವ್ಯಾನಿನವರು ಕುಣಿಕೆಯ ಕೋಲು ಹಿಡಿದು ಒಳಗೆ ಬಂದು, ಪರಿಹಾರದ ಕಾಗದವನ್ನೂ ಮುಂದೆ ಹಿಡಿದು, “ಯಾರ್ದಮ್ಮಾ ಈ ನಾಯಿ?” ಎಂದು ಕೇಳಿದರು. ‘ನಮ್ಮದಲ್ಲ’ ಎಂದು ಇಷ್ಟು ಪತ್ರಗಳಲ್ಲಿ ಬರೆದ ನಾನೇ, ಬಾಯಲ್ಲಿ ದಬ್ಬಣವೂ ಇಲ್ಲದಿರುವಾಗ, “ನಮ್ದೇ ಕಣ್ರೀ, ಮುಟ್ಟಿದ್ರೆ ನೋಡಿ” ಎಂದುಬಿಟ್ಟೆ. ಪರಿಹಾರದ ಕಾಗದ ಅವರ ಜೇಬಿಗೆ ವಾಪಸು ಹೋಯಿತು. ಆದಕಾರಣ ಮೇಲೆ ಬರೆದಿರುವುದರಲ್ಲಿ ಒಂದಕ್ಷರವನ್ನೂ ತಾವು ಓದಬಾರದೆಂದು ಕೋರುತ್ತೇನೆ. ನನ್ನ ಅಷ್ಟೂ ಕೋರಿಕೆಗಳಲ್ಲಿ ಇದೊಂದನ್ನಾದರೂ ತಾವು ತಪ್ಪದೆ ನಡೆಸಿಕೊಡುವಿರೆಂಬ ಪೂರ್ಣ ಭರವಸೆ ನನಗಿದೆ.