ದೊಡ್ಡಮ್ಮ ಡಚ್ ಕಲಿತದ್ದು

ನನ್ನ ದೊಡ್ಡಮ್ಮನ ಮನೆಗೆ ನಡುಮಧ್ಯಾಹ್ನವೂ ಒಬ್ಬರೇ ಹೋಗುವ ಧೈರ್ಯ ಕಾಪುವಿನಲ್ಲಿ ಯಾರಿಗೂ ಇರಲಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಒಳಗಿನಿಂದ ಯಾರೋ ಯಾರದೋ ಕುತ್ತಿಗೆ ಹಿಸುಕುತ್ತಿರುವಂತೆ 'ಖ್ಖ್ಖ್...' ಎಂಬ ಸದ್ದು! ಅದು ನಿಂತ ಕೂಡಲೇ ಇನ್ನೊಂದು ಗಂಟಲಿನಿಂದ ಅದೇ 'ಖ್ಖ್ಖ್...'! ಅಂಚೆಯವನು ಕಾಗದಗಳನ್ನು ಗೇಟಿಗೇ ಸಿಕ್ಕಿಸಿ ಓಡುತ್ತಿದ್ದ.

ಮೊದಲ ಗಂಟಲು ದೊಡ್ಡಪ್ಪನದು. ಇಪ್ಪತ್ತು ವರ್ಷ ಡಚ್ಚರ ಸರಕು ಹಡಗಿನಲ್ಲಿ ದುಡಿದು, ಎಪ್ಪತ್ತರ ದಶಕದ ಕೊನೆಗೆ ಊರಿನಲ್ಲಿ ನೆಲೆಸಿದವರು ಒಂದು ಬೆಳಿಗ್ಗೆ ಬಚ್ಚಲಲ್ಲಿ ಕುಸಿದುಬಿದ್ದರು. ಮಣಿಪಾಲದ ಆಸ್ಪತ್ರೆಯಲ್ಲಿ ಮೂರನೆಯ ದಿನ ಕಣ್ಣು ತೆರೆದಾಗ ತುಳು ಹೋಗಿತ್ತು, ಕನ್ನಡ ಹೋಗಿತ್ತು, ಬಾಯಲ್ಲಿ ಉಳಿದದ್ದು ಡಚ್ ಮಾತ್ರ!

"ಮಿದುಳಿಗೆ ಪೆಟ್ಟಾದರೆ ಅಪರೂಪಕ್ಕೆ ಹೀಗಾಗುವುದುಂಟು" ಎಂದರು ಡಾಕ್ಟರು. "ಸತ್ತ ನಾವಿಕ ಯಾರೋ ಮೈಯೊಳಗೆ ಬಂದಿದ್ದಾನೆ" ಎಂದರು ನೆರೆಯವರು. ಅದೇ ಮೀಸೆ, ಅದೇ ಕಣ್ಣು. ಬಾಯಿ ತೆರೆದರೆ ಮಾತ್ರ ಬೇರೆ ಯಾರೋ. ನಿಜ ಹೇಳುತ್ತೇನೆ, ನಾನೂ ನೆರೆಯವರ ಪಕ್ಷವೇ!

ಎರಡನೆಯ ಗಂಟಲು ದೊಡ್ಡಮ್ಮನದು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು ಸುಮ್ಮನಿರುತ್ತಾರೆಯೇ? ದೊಡ್ಡಪ್ಪನ ಟ್ರಂಕಿನಿಂದ, ಇಂಗ್ಲಿಷ್ ಬಲ್ಲವರಿಗೆ ಡಚ್ ಕಲಿಸುವ ಹಳೆಯ ಪುಸ್ತಕವೊಂದನ್ನು ಹೊರತೆಗೆದರು.

"ಜಿ ಅಕ್ಷರ ಬಂದಲ್ಲಿ ಕ್ಯಾಕರಿಸಬೇಕಂತೆ ಮಾರಾಯ! 'ಹೆಬ್' ಅಂತ ಬರೆದು 'ಹೆಪ್' ಅಂತ ಓದುವುದಂತೆ. ನನ್ನ ಕ್ಲಾಸಿನಲ್ಲಾದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ!"

ಹುಡುಗಿ ಎಂಬ ಪದ ನಪುಂಸಕಲಿಂಗ, ವಿಚಿತ್ರವೆನಿಸಬಹುದು ಎಂದು ಪುಸ್ತಕ ಎಚ್ಚರಿಸಿತ್ತು. ದೊಡ್ಡಮ್ಮ ನಕ್ಕರು. "ಇದರಲ್ಲಿ ವಿಚಿತ್ರ ಎಂತ ಉಂಟು? ನಾವೂ 'ಹುಡುಗಿ ಬಂತು' ಅಂತಲೇ ಹೇಳುವುದು, ಅಲ್ವಾ?"

ಆ ನಗು ನಿಂತದ್ದು ಸರ್ವನಾಮಗಳ ಪಾಠದಲ್ಲಿ. ಡಚ್ಚಿನಲ್ಲಿ 'ಯೈ' ಎಂದರೆ ನೀನು. ತುಟಿ ಉರುಟು ಮಾಡಿ 'ಈ' ಎಂದರೆ ನೀವು. ದೊಡ್ಡಮ್ಮ ಪುಸ್ತಕ ಮಡಚಿದರು.

"ಇಷ್ಟು ದಿನವೂ ಇವರು ನನಗೆ 'ನೀವು' ಅಂತ ಹೇಳಿದ್ದು. ನಾನು ಯಾರು ಅಂತ ಇವರಿಗೆ ಗೊತ್ತೇ ಇಲ್ಲ."

ಎದುರಿನ ಕುರ್ಚಿಯಲ್ಲಿದ್ದ ದೊಡ್ಡಪ್ಪ, ಪರಿಚಯವಿಲ್ಲದ ಮನೆಯೊಡತಿಗೆ ವಂದಿಸುವಂತೆ, ಅವರಿಗೆ ಸೌಜನ್ಯದಿಂದ ತಲೆಬಾಗಿದರು.

ಮರುದಿನದಿಂದ ದೊಡ್ಡಮ್ಮ ವ್ಯಾಕರಣ ಬಿಟ್ಟರು. ತಮ್ಮ ಮದುವೆಯ ಕತೆಯನ್ನು ತಪ್ಪುತಪ್ಪು ಡಚ್ಚಿನಲ್ಲಿ ದಿನವೂ ಅವರಿಗೆ ಹೇಳತೊಡಗಿದರು. ಜೀವಮಾನವಿಡೀ ಪರರ ತಪ್ಪಿಗೆ ಕೆಂಪು ಗೀಟು ಎಳೆದವರು!

ವಾರಗಳು ಕಳೆದವು. ಒಂದು ಮಧ್ಯಾಹ್ನ ದೊಡ್ಡಪ್ಪ ಗಂಜಿ ಉಣ್ಣುತ್ತಿದ್ದವರು ಕೈ ತಡೆದು, ದೊಡ್ಡಮ್ಮನ ಮುಖವನ್ನೇ ನೋಡಿದರು. ಬಟ್ಟಲನ್ನು ಅವರತ್ತ ಮೆಲ್ಲಗೆ ತಳ್ಳಿ, "ಯೈ ಓಕ್" ಎಂದರು.

"ಅವರು ಎಂತ ಹೇಳಿದ್ದು, ದೊಡ್ಡಮ್ಮ?" ಎಂದೆ.



"'ನೀನೂ' ಅಂತ" ಎಂದ ದೊಡ್ಡಮ್ಮ ಪಕ್ಕದ ಕುರ್ಚಿ ಎಳೆದು ಕುಳಿತು, ಅದೇ ಬಟ್ಟಲಿನಿಂದ ಒಂದು ಚಮಚ ಗಂಜಿ ಬಾಯಿಗಿಟ್ಟರು.